ಶುಕ್ರವಾರ ರಾತ್ರಿ ನಾನು ಚೆಂಡು ನೋಡುವುದಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನಾನು ಕೋಚ್ ಅಲ್ಲ. ಅಮೆರಿಕನ್ ಫುಟ್‌ಬಾಲ್ ಎಂಬ ಈ ಆಟವನ್ನು ಒಂದು ದಿನವೂ ಆಡಿದವನಲ್ಲ. ಹೆಲ್ಮೆಟ್ ಹಾಕಿದ್ದು ದಾವಣಗೆರೆಯಲ್ಲಿ ಸ್ಕೂಟರ್ ಓಡಿಸುವಾಗ ಮಾತ್ರ, ಅದೂ ಮುಂದಿನ ಸರ್ಕಲ್‌ನಲ್ಲಿ ಪೊಲೀಸರು ಕಂಡರೆ.

ಈಗ ನಾವಿರುವುದು ಟೆಕ್ಸಸ್‌ನಲ್ಲಿ, ಡಾಲಸ್‌ಗೆ ಉತ್ತರಕ್ಕಿರುವ ಒಂದು ಊರಿನಲ್ಲಿ. ಮಗ ಹೈಸ್ಕೂಲಿನ ಮಾರ್ಚಿಂಗ್ ಬ್ಯಾಂಡಿಗೆ ಸೇರಿ ಟ್ರಂಬೋನ್ ಹಿಡಿದ. ಬ್ಯಾಂಡ್ ಮಕ್ಕಳ ಅಪ್ಪ ಅಮ್ಮಂದಿರಿಗೆ ಇಲ್ಲಿ ಫುಟ್‌ಬಾಲ್‌ನಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಹಾಫ್‌ಟೈಮ್‌ನಲ್ಲಿ ಮಕ್ಕಳು ನುಡಿಸುವ ಹತ್ತು ನಿಮಿಷಕ್ಕಾಗಿ ಮೂರು ಗಂಟೆ ಅಲ್ಯುಮಿನಿಯಂ ಬೆಂಚಿನ ಮೇಲೆ ಕೂರಬೇಕು. ಮೊದಲ ವರ್ಷ ಕೂತು ಫೋನ್ ನೋಡಿದೆ. ಎರಡನೇ ವರ್ಷ ನನ್ನ ಹಳೇ ಚಾಳಿ ಎದ್ದು ಕೂತಿತು.

ಕಾಲೇಜಿನಲ್ಲಿ ನಾನು ಕ್ರಿಕೆಟ್ ತಂಡದ ಹದಿನಾರನೆಯವ. ಅಂದರೆ ಸ್ಕೋರರ್. ಬ್ಯಾಟು ಹಿಡಿದದ್ದಕ್ಕಿಂತ ಪೆನ್ಸಿಲ್ ಹಿಡಿದದ್ದೇ ಜಾಸ್ತಿ. ಕಣ್ಣ ಮುಂದೆ ಆಟ ನಡೆಯುವಾಗ ಬರೆದುಕೊಳ್ಳದೆ ಇದ್ದರೆ ಏನೋ ಕಳೆದುಕೊಂಡ ಹಾಗೆ ಆಗುತ್ತದೆ. ಒಂದು ಶುಕ್ರವಾರ ಉದ್ದನೆಯ ನೋಟ್‌ಬುಕ್ ಒಂದನ್ನು ಹಿಡಿದುಕೊಂಡು ಹೊರಟೆ. ಹೆಂಡತಿ, "ರೀ, ಮಗ ಊದೋದು ನೋಡೋಕೆ ಹೋಗ್ತಿದೀರೋ, ಪರೀಕ್ಷೆ ಬರೆಯೋಕೋ?" ಎಂದಳು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೈದಾನ 100 ಗಜ, ಹೌದು, ನಮ್ಮ ಬಟ್ಟೆ ಅಂಗಡಿಯ ಅದೇ ಗಜ. ಒಂದೊಂದು ಕಡೆ 11 ಜನ. ಚೆಂಡು ಸಿಕ್ಕ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಹೀಗೆ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಗೋಲ್‌ಪೋಸ್ಟ್ ನಡುವೆ ಒದ್ದರೆ 3. ಹೈಸ್ಕೂಲಿನಲ್ಲಿ ಹನ್ನೆರಡು ಹನ್ನೆರಡು ನಿಮಿಷದ ನಾಲ್ಕು ಕ್ವಾರ್ಟರ್. ಒಂದು ಅವಕಾಶ ಅಂದರೆ ಐದಾರು ಸೆಕೆಂಡಿನ ನುಗ್ಗಾಟ, ಆಮೇಲೆ ಅರ್ಧ ನಿಮಿಷ ಬಿಡುವು. ಸ್ಕೋರರ್‌ಗೆ ಇದಕ್ಕಿಂತ ಅನುಕೂಲದ ಆಟ ಇನ್ನೊಂದಿಲ್ಲ. ಬರೆದು, ಪೆನ್ಸಿಲ್ ಕಚ್ಚಿ, ಒಂದು ನ್ಯಾಚೋ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ಇರುತ್ತದೆ.

ಟೆಕ್ಸಸ್‌ನಲ್ಲಿ ಇದು ಶಾಲೆಯ ಆಟ ಮಾತ್ರ ಅಲ್ಲ, ಊರಹಬ್ಬ. ನಮಗೆ ಹತ್ತಿರದ ಆಲನ್ ಎಂಬ ಊರಿನಲ್ಲಿ ಹೈಸ್ಕೂಲಿಗೆಂದೇ 18,000 ಜನ ಕೂರುವ ಸ್ಟೇಡಿಯಂ ಇದೆ. 2012ರಲ್ಲಿ ತೆರೆದದ್ದು, ಖರ್ಚು 6 ಕೋಟಿ ಡಾಲರ್. 1961ರ ಒಂದು ಫೆಡರಲ್ ಕಾನೂನು ಸೆಪ್ಟೆಂಬರ್ ಎರಡನೇ ಶುಕ್ರವಾರದಿಂದ ಡಿಸೆಂಬರ್‌ವರೆಗೆ ಶುಕ್ರವಾರ ರಾತ್ರಿಗಳನ್ನು ಈ ಮಕ್ಕಳ ಆಟಕ್ಕೆ ಕಾಯ್ದಿಟ್ಟಿದೆ. ವೃತ್ತಿಪರ ಲೀಗ್ ಆ ಹೊತ್ತಿನಲ್ಲಿ ಟಿವಿಯಲ್ಲಿ ಪೈಪೋಟಿಗೆ ಬರದಿರಲಿ ಅಂತ. ಹಳೇ ವಿದ್ಯಾರ್ಥಿಗಳು ಶಾಲೆಗೆ ಮರಳಿ ಬರುವ ಹೋಮ್‌ಕಮಿಂಗ್ ವಾರದಲ್ಲಂತೂ ಕೇಳಬೇಡಿ. ಹುಡುಗಿಯರು 'ಮಮ್' ಹಾಕಿಕೊಂಡು ಬರುತ್ತಾರೆ. ಮಮ್ ಅಂದರೆ ಅಮ್ಮ ಅಲ್ಲ, ಸೇವಂತಿಗೆ. ಕುತ್ತಿಗೆಯಿಂದ ಮೊಣಕಾಲಿನವರೆಗೆ ರಿಬ್ಬನ್, ಗೆಜ್ಜೆ, ನಡುವೆ ತಟ್ಟೆಯಷ್ಟು ದೊಡ್ಡ ಬಟ್ಟೆಯ ಹೂವು. ಹೆಂಡತಿ ಮೊದಲ ಸಲ ನೋಡಿದಾಗ, "ಇಷ್ಟು ದುಡ್ಡಿಗೆ ಮಾರ್ಕೆಟ್ಟಲ್ಲಿ ಒಂದು ಮೂಟೆ ಸೇವಂತಿಗೆ ಬರ್ತಿತ್ತಲ್ರೀ" ಎಂದಿದ್ದಳು.

ಇರಲಿ, ನೋಟ್‌ಬುಕ್ಕಿಗೆ ಬರೋಣ.

ಮೊದಲ ಎರಡು ಪಂದ್ಯ ಎಲ್ಲರ ಹಾಗೆ ಚೆಂಡು ಎಲ್ಲಿ ಹೋಯಿತೋ ಅಲ್ಲಿ ಕಣ್ಣು ಓಡಿಸಿದೆ. ಮನೆಗೆ ಬಂದು ನೋಡಿದರೆ ಪುಟದಲ್ಲಿ ಇದ್ದದ್ದು ಮೂರೇ ನಂಬರ್. ಎಸೆಯುವ ಕ್ವಾರ್ಟರ್‌ಬ್ಯಾಕ್, ಓಡುವ ರನ್ನಿಂಗ್ ಬ್ಯಾಕ್, ಹಿಡಿಯುವ ರಿಸೀವರ್. ಉಳಿದ ಎಂಟು ಜನ ಏನು ಮಾಡಿದರು ಅಂತ ಒಂದಕ್ಷರವೂ ಇಲ್ಲ. ಕ್ರಿಕೆಟ್ಟಿನಲ್ಲಿ ವಿಕೆಟ್ ಕೀಪರ್ ಹೆಸರೇ ಇಲ್ಲದ ಸ್ಕೋರ್‌ಶೀಟ್ ಇದ್ದ ಹಾಗೆ ಆಯ್ತು ಅದು. ಆ ಪುಟ ಹರಿದು ಹಾಕಿದೆ.

ಮೂರನೇ ಪಂದ್ಯದಿಂದ ಒಂದು ನಿಯಮ ಮಾಡಿಕೊಂಡೆ. ಒಂದು ಸರದಿಗೆ ಒಬ್ಬನನ್ನೇ ನೋಡುವುದು. ತಂಡದ ಕೈಗೆ ಚೆಂಡು ಬಂದಾಗಿನಿಂದ ಅದು ಕೈಬಿಟ್ಟು ಹೋಗುವವರೆಗೆ ಆ ಒಬ್ಬನ ಮೇಲೆಯೇ ಬೈನಾಕ್ಯುಲರ್. ಚೆಂಡು ಎಲ್ಲಿ ಹೋಯಿತು ಅಂತ ಜನರ ಕೂಗಿನಿಂದಲೇ ಗೊತ್ತಾಗುತ್ತದೆ, ಅದನ್ನು ನೋಡಲೇಬೇಕೆಂದೇನೂ ಇಲ್ಲ. ಕೂರುವ ಜಾಗವನ್ನೂ ಬದಲಿಸಿದೆ. ಮಧ್ಯದ 50 ಗಜದ ಗೆರೆಯ ಸೀಟುಗಳು ಹೇಗೂ ಸೀಸನ್ ಟಿಕೆಟ್‌ನವರ ಪಾಲು. ನಾನು ಮೂಲೆಯ ಕಡೆ, ಸಾಧ್ಯವಾದಷ್ಟು ಮೇಲಿನ ಸಾಲು ಹಿಡಿದೆ. ಅಲ್ಲಿಂದ ಗಜಗಳು ಸರಿಯಾಗಿ ಕಾಣುವುದಿಲ್ಲ, ಆದರೆ ಆಟಗಾರರ ನಡುವಿನ ಸಂದು ಕಾಣುತ್ತದೆ. ನನಗೆ ಬೇಕಾಗಿದ್ದೂ ಅದೇ.

ಪುಟಕ್ಕೆ ಮೂರು ಕಾಲಂ ಹಾಕಿದೆ. 'ಜಾ', 'ಮೈ', 'ಸೀ'. ಜಾ ಅಂದರೆ ಜಾಗ, ಹೋಗಬೇಕಾದ ಜಾಗಕ್ಕೆ ಹೋದನಾ? ಮೈ ಅಂದರೆ ಮೈಯ ಹಿಡಿತ, ತಗ್ಗಿ ನಿಂತನಾ, ಕೈ ಎಲ್ಲಿಟ್ಟ, ಹೆಜ್ಜೆ ಹೇಗೆ ಇಟ್ಟ? ಸೀ ಅಂದರೆ ಸೀಟಿ. ರೆಫರಿ ಸೀಟಿ ಊದುವವರೆಗೂ ಆಡಿದನಾ, ಇಲ್ಲ ಚೆಂಡು ದೂರ ಹೋಯಿತು ಅಂತ ಕೈಬಿಟ್ಟನಾ? ಪ್ರತಿಯೊಂದಕ್ಕೂ ಪ್ಲಸ್ ಅಥವಾ ಮೈನಸ್. ಇಲ್ಲಿನ ಕೋಚ್‌ಗಳು ಶನಿವಾರ ವಿಡಿಯೋ ಹಾಕಿಕೊಂಡು ಹೆಚ್ಚುಕಮ್ಮಿ ಹೀಗೆಯೇ ಪ್ಲಸ್ಸು ಮೈನಸ್ಸು ಹಾಕುತ್ತಾರೆ ಅಂತ ಆಮೇಲೆ ಗೊತ್ತಾಗಿ ಸ್ವಲ್ಪ ಬೀಗಿದೆ ಕೂಡ.

ನನ್ನ ಮೊದಲ ಆಯ್ಕೆ ನಂಬರ್ 72, ಲೆಫ್ಟ್ ಟ್ಯಾಕಲ್. ಚೆಂಡನ್ನು ಹಿಂದಕ್ಕೆ ದಾಟಿಸುವ ಸೆಂಟರ್, ಅವನ ಅಕ್ಕಪಕ್ಕ ಇಬ್ಬರು ಗಾರ್ಡ್, ತುದಿಗೆ ಇಬ್ಬರು ಟ್ಯಾಕಲ್, ಈ ಐದು ಜನ ಗೋಡೆ. 50ರಿಂದ 79ರವರೆಗಿನ ನಂಬರ್ ಹಾಕಿಕೊಂಡವರು ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಹಾಗೂ ಇಲ್ಲ. ಬಲಗೈಯಲ್ಲಿ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಎಡಗಡೆಯಿಂದ ಯಾರು ಬಂದರೂ ಕಾಣುವುದಿಲ್ಲ. ಆ ಬೆನ್ನು ಕಾಯುವವನೇ ಲೆಫ್ಟ್ ಟ್ಯಾಕಲ್. ಅವನಿಗೆ ಅಂಕಿಅಂಶ ಇಲ್ಲ. ಮೈಕಿನಲ್ಲಿ ಅವನ ನಂಬರ್ ಬರುವುದು ತಪ್ಪು ಮಾಡಿದಾಗ ಮಾತ್ರ, "ಹೋಲ್ಡಿಂಗ್, 72, ಹತ್ತು ಗಜ ಹಿಂದೆ" ಅಂತ. ಚೆನ್ನಾಗಿ ಆಡಿದ ರಾತ್ರಿ ಅವನು ಇದ್ದಾನೆ ಅಂತಲೇ ಯಾರಿಗೂ ಗೊತ್ತಾಗುವುದಿಲ್ಲ.

ಅವನನ್ನು ನೋಡುವುದನ್ನು ನನಗೆ ಕಲಿಸಿದ್ದು ದಾವಣಗೆರೆಯ ಗರಡಿ. ನಮ್ಮ ಸೋದರಮಾವ ಗರಡಿಗೆ ಹೋಗುತ್ತಿದ್ದರು, ನಾನು ಮಣ್ಣಿನ ಅಂಚಿನಲ್ಲಿ ಕೂತು ನೋಡುತ್ತಿದ್ದೆ. ಎದುರಾಳಿಯ ತೋಳು ನೋಡಬೇಡ, ಸೊಂಟ ನೋಡು ಅನ್ನುತ್ತಿದ್ದರು. ಸೊಂಟ ಎತ್ತಿದವನು ಅರ್ಧ ಬಿದ್ದ ಹಾಗೆ. 72 ದೊಡ್ಡ ಹುಡುಗ, ಆರಡಿಯ ಮೇಲೆ ಮೂರ್ನಾಲ್ಕು ಇಂಚು. ಅಷ್ಟು ಎತ್ತರದವನು ತಗ್ಗಿ ನಿಲ್ಲುವುದು ಎಷ್ಟು ಕಷ್ಟ ಅಂತ ನೋಡಿದರೇ ಗೊತ್ತಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಮೂರನೇ ಕ್ವಾರ್ಟರ್ ಹೊತ್ತಿಗೆ ಅವನ ಮೊಣಕಾಲು ನೆಟ್ಟಗಾಗಿಬಿಡುತ್ತಿತ್ತು. ಡಾಲಸ್‌ನ ಸೆಪ್ಟೆಂಬರ್ ಸೆಕೆಯಲ್ಲಿ ನಾನು ಕೂತಲ್ಲೇ ಬೆವರುತ್ತಿದ್ದೆ, ಅವನನ್ನು ಏನಂತ ಬೈಯುವುದು? ಅಕ್ಟೋಬರ್ ಕೊನೆಗೆ ನಾಲ್ಕನೇ ಕ್ವಾರ್ಟರ್‌ನಲ್ಲೂ ಅವನ ಬೆನ್ನು ಮೇಜಿನ ಹಾಗೆ ಚಪ್ಪಟೆ. ಒಂದು ಸೀಸನ್‌ನಲ್ಲಿ ಒಬ್ಬ ಹುಡುಗ ಬೆಳೆಯುವುದನ್ನು ಪೆನ್ಸಿಲ್ಲಿನಲ್ಲಿ ಹಿಡಿದೆ ಅಂತ ನನಗೆ ಖುಷಿ.

ಹೀಗೆ ಧೈರ್ಯ ಹೆಚ್ಚಾಗಿಯೇ ನಾನು ಎಡವಿದ್ದು.

ಒಂದು ಪಂದ್ಯದ ಎರಡನೇ ಕ್ವಾರ್ಟರ್. ಎದುರಾಳಿಗೆ ಮೂರನೇ ಅವಕಾಶ, ಇನ್ನೂ 12 ಗಜ ಬೇಕು. ಅವರ ಕ್ವಾರ್ಟರ್‌ಬ್ಯಾಕ್ ಬಲ ಅಂಚಿನಲ್ಲಿ ಉದ್ದಕ್ಕೆ ಎಸೆದ. ಟಚ್‌ಡೌನ್. ರಿಸೀವರ್‌ನ ಹಿಂದೆ ಮೂರು ಹೆಜ್ಜೆ ದೂರದಲ್ಲಿ ನಮ್ಮ ನಂಬರ್ 4 ಓಡುತ್ತಿದ್ದ. ಅವನು ಕಾರ್ನರ್‌ಬ್ಯಾಕ್, ಅಂಚು ಕಾಯುವವನು. ನಾನು ತಕ್ಷಣ ಮೂರೂ ಕಾಲಂನಲ್ಲಿ ಮೈನಸ್ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನಮ್ಮ ಬೀದಿಯ ಅಪ್ಪಂದಿರ ವಾಟ್ಸಾಪ್ ಗುಂಪಿನಲ್ಲಿ, "4ಕ್ಕೆ ವೇಗವೇ ಇಲ್ಲ, ಇವನನ್ನು ಯಾಕೆ ಆಡಿಸ್ತಾರೋ" ಅಂತ ಬರೆದೆ. ನಾಲ್ಕು ಜನ ಹೆಬ್ಬೆರಳು ಒತ್ತಿದರು. ಭಾರಿ ಪಂಡಿತನಾದೆ ಅನ್ನಿಸಿತು.

ಮುಂದಿನ ವಾರ ತಿಂಡಿ ಕೌಂಟರ್‌ನಲ್ಲಿ ನನ್ನ ಸರದಿ. ಪೋಷಕರೇ ಅಲ್ಲಿ ನಿಂತು ಹಾಟ್‌ಡಾಗ್, ನ್ಯಾಚೋ, ಉಪ್ಪಿನ ಸೌತೆಕಾಯಿ ಮಾರುತ್ತಾರೆ, ದುಡ್ಡು ಮಕ್ಕಳ ಖರ್ಚಿಗೆ ಹೋಗುತ್ತದೆ. ನಾನು ಚೀಸ್ ಸುರಿಯುತ್ತಿದ್ದೆ. ಪಕ್ಕದಲ್ಲಿ ಚಿಪ್ಸ್ ತುಂಬಿಸುತ್ತಿದ್ದ ಮನುಷ್ಯ, "ಮೇಲಿನ ಸಾಲಿನಲ್ಲಿ ಕೂತು ಬರೆಯುವವರು ನೀವೇನಾ?" ಎಂದರು. ಹೌದು ಎಂದೆ. "ನಾನು 4ರ ಅಪ್ಪ" ಎಂದರು.

ನನ್ನ ಕೈಯಲ್ಲಿದ್ದ ಚೀಸ್ ಟ್ರೇ ದಾಟಿ ಕೌಂಟರ್ ಮೇಲೆ ಹರಿಯಿತು.

ಅವರಿಗೆ ನನ್ನ ವಾಟ್ಸಾಪ್ ಮಾತು ತಲುಪಿತ್ತೋ ಇಲ್ಲವೋ, ಇವತ್ತಿಗೂ ನಾನು ಕೇಳಿಲ್ಲ. ಅವರು ಆ ಟಚ್‌ಡೌನ್ ಮಾತನ್ನು ತಾವಾಗಿಯೇ ತೆಗೆದರು. ಕೌಂಟರ್ ಮೇಲೆ ಕೆಚಪ್ ಪೊಟ್ಟಣಗಳನ್ನು ಸಾಲಾಗಿ ಇಟ್ಟರು. ಸಾಸಿವೆ ಪೊಟ್ಟಣಗಳು ಎದುರಾಳಿ. "ಇದು ಕವರ್ ಟೂ" ಎಂದರು. ಹಿಂದೆ ಆಳದಲ್ಲಿ ಇಬ್ಬರು ಸೇಫ್ಟಿಗಳು ನಿಲ್ಲುತ್ತಾರೆ. ಆಳದ ಮೈದಾನ ಇಬ್ಬರಿಗೂ ಅರ್ಧರ್ಧ. ಅಂಚಿನಲ್ಲಿರುವ ಕಾರ್ನರ್ ತನ್ನ ಎದುರಿನ ರಿಸೀವರ್‌ನನ್ನು ಮೊದಲು ತಡೆದು, ಒಳಕ್ಕೆ ತಳ್ಳಿ, ಆಮೇಲೆ ಬಿಟ್ಟುಕೊಡಬೇಕು. ಹತ್ತಿರದ ಜಾಗ ಮಾತ್ರ ಅವನದು. ಆಳಕ್ಕೆ ಹೋದವನು ಸೇಫ್ಟಿಯ ಪಾಲು. ಅವತ್ತು 4 ಹೇಳಿದ್ದನ್ನೇ ಮಾಡಿದ. ಕ್ವಾರ್ಟರ್‌ಬ್ಯಾಕ್ ಮಧ್ಯಕ್ಕೆ ಎಸೆಯುವ ಹಾಗೆ ಒಂದು ಸಲ ತೋಳು ಆಡಿಸಿದ. ಸೇಫ್ಟಿ ಹುಡುಗ ಅದನ್ನು ನಂಬಿ ಒಳಕ್ಕೆ ಓಡಿದ. ಅಂಚು ಖಾಲಿಯಾಯಿತು. ಅದನ್ನು ಕಂಡು 4 ತನ್ನದಲ್ಲದ ಕೆಲಸಕ್ಕೆ ಹಿಂದಿನಿಂದ ಓಡಿದ. ಮೂರು ಹೆಜ್ಜೆ ಹಿಂದೆ ಇದ್ದದ್ದು ಸೋತದ್ದಕ್ಕಲ್ಲ, ಹತ್ತು ಹೆಜ್ಜೆ ಹಿಂದಿನಿಂದ ಹೊರಟು ಏಳು ಹೆಜ್ಜೆ ಮುಟ್ಟಿಸಿಕೊಂಡದ್ದಕ್ಕೆ.

ಅವರು ಕೆಚಪ್ ಪೊಟ್ಟಣಗಳನ್ನು ವಾಪಸ್ ಡಬ್ಬಿಗೆ ಹಾಕಿ, "ಆ ಸೇಫ್ಟಿ ಒಳ್ಳೇ ಹುಡುಗ, ಹತ್ತನೇ ಕ್ಲಾಸು, ಕಲಿತಾನೆ" ಎಂದರು. ಮಗನನ್ನು ಕಾಪಾಡಲು ಇನ್ನೊಬ್ಬರ ಮಗನ ಮೇಲೆ ಹಾಕಲಿಲ್ಲ ನೋಡಿ.

ಅವತ್ತು ರಾತ್ರಿ ಮನೆಗೆ ಬಂದು ವಾಟ್ಸಾಪ್ ಗುಂಪಿನಲ್ಲಿ ತಪ್ಪು ಒಪ್ಪಿಕೊಂಡು ಬರೆದೆ. ಅದಕ್ಕೆ ಒಬ್ಬರೂ ಹೆಬ್ಬೆರಳು ಒತ್ತಲಿಲ್ಲ. ಗುಂಪಿನಲ್ಲಿ ಆಟಗಾರರ ಮಾತು ಆಡುವುದನ್ನು ಅಲ್ಲಿಗೆ ನಿಲ್ಲಿಸಿದೆ. ಹದಿನಾರು ಹದಿನೇಳರ ಮಕ್ಕಳು ಅವರು. ಮರುದಿನ ಬೀಜಗಣಿತದ ಹೋಂವರ್ಕ್ ಇರುತ್ತದೆ. ಟೆಕ್ಸಸ್‌ನಲ್ಲಿ 1984ರಿಂದ ಪಾಠದಲ್ಲಿ ಫೇಲಾದರೆ ಆಟವೂ ಇಲ್ಲ ಅನ್ನುವ ಕಾನೂನಿದೆ, 70ಕ್ಕಿಂತ ಕಡಿಮೆ ಬಂದರೆ ಮೂರು ವಾರ ಬೆಂಚು. ನೋಟ್‌ಬುಕ್ಕಿನಲ್ಲಿ ಹೆಸರು ಮೊದಲೂ ಇರಲಿಲ್ಲ, ನಂಬರ್ ಮಾತ್ರ. ಈಗ 'ಜಾ' ಕಾಲಂ ಕೂಡ ಖಾಲಿ ಬಿಡಲು ಶುರು ಮಾಡಿದೆ. ಯಾರಿಗೆ ಯಾವ ಜಾಗ ಕೊಟ್ಟಿದ್ದಾರೆ ಅಂತ ಗೊತ್ತಿಲ್ಲದೆ ಅದಕ್ಕೆ ಅಂಕ ಹಾಕುವುದು ಹೇಗೆ? ಗೆರೆ ಮಾತ್ರ ಅಳಿಸಲಿಲ್ಲ. ಮರೆತುಹೋಗದಿರಲಿ ಅಂತ.

ಎರಡೇ ಕಾಲಂ ಆದ ಮೇಲೆ ನನ್ನ ಕಣ್ಣು ಚುರುಕಾಯಿತು ಅಂತ ನನ್ನ ಅಂದಾಜು. ಆ ಸೀಸನ್ನಿನ ಒಳ್ಳೆಯ ಪುಟ ಯಾವುದು ಅಂದರೆ ಅಕ್ಟೋಬರ್ ಕೊನೆಯ ಒಂದು ಪಂದ್ಯ. 27–24ರಲ್ಲಿ ಸೋತೆವು. ಎದುರಿನವರು ಮೈಕಟ್ಟಿನಲ್ಲಿ ನಮಗಿಂತ ದೊಡ್ಡವರು. ಪುಟದಲ್ಲಿ ಇದ್ದದ್ದು ಹೀಗೆ.

ಕ್ವಾರ್ಟರ್‌ಬ್ಯಾಕ್, ನಂಬರ್ 7. ತೋಳಿನಲ್ಲಿ ಶಕ್ತಿ ಇದೆ, ಎಲ್ಲರೂ ಅದನ್ನೇ ಹೊಗಳುತ್ತಾರೆ. ನನಗೆ ಅವನ ಹೆಲ್ಮೆಟ್ ತಿರುಗುವುದು ಮುಖ್ಯ. ಮೊದಲ ರಿಸೀವರ್ ಸಿಗದಿದ್ದರೆ ಎರಡನೆಯವನ ಕಡೆ ತಲೆ ತಿರುಗುತ್ತದಾ? ಮೊದಲರ್ಧ ತಿರುಗಲೇ ಇಲ್ಲ. ಮೂರನೇ ಕ್ವಾರ್ಟರ್‌ನಲ್ಲಿ ಒಂದು ಚೆಂಡು ಎದುರಾಳಿಯ ಕೈಗೆ ಕೊಟ್ಟ. ಕೊಟ್ಟು ತಲೆ ಮೇಲೆ ಕೈ ಹೊತ್ತು ನಿಲ್ಲಲಿಲ್ಲ. ಮೈದಾನದ ಅಡ್ಡಕ್ಕೆ ಓಡಿ ಅಂಚಿನಲ್ಲಿ ಅವನನ್ನು ಕೆಡವಿದ. ಎಸೆತಕ್ಕೆ ಮೈನಸ್, ಸೀಟಿಗೆ ಪ್ಲಸ್. ನಾಲ್ಕನೇ ಕ್ವಾರ್ಟರ್‌ನಲ್ಲಿ ತಲೆ ಎರಡು ಸಲ ತಿರುಗಿತು, ಎರಡೂ ಸಲ ಹತ್ತು ಗಜ ದಾಟಿತು.

ರಿಸೀವರ್ 11ಕ್ಕೆ ಆ ರಾತ್ರಿ ಚೆಂಡು ಸಿಕ್ಕಿದ್ದು ಎರಡೇ ಸಲ. ಪೇಪರಿನಲ್ಲಿ ಬರುವುದೂ ಅಷ್ಟೇ. ಆದರೆ ರನ್ನಿಂಗ್ ಬ್ಯಾಕ್ 22 ಆವತ್ತು ಉದ್ದಕ್ಕೆ ಓಡಿ ಹಾಕಿದ ಟಚ್‌ಡೌನ್‌ನಲ್ಲಿ ಅರ್ಧ 11ರದು. ಚೆಂಡು ತನಗಲ್ಲ ಅಂತ ಗೊತ್ತಿದ್ದೂ ಇಪ್ಪತ್ತು ಗಜ ಮುಂದೆ ಹೋಗಿ ಒಬ್ಬನಿಗೆ ಅಡ್ಡ ನಿಂತ. ಬಾಗಿಲು ಹಿಡಿದುಕೊಂಡು ನಿಂತವನ ಹಾಗೆ. ಜನ 22ರ ಹೆಸರು ಕೂಗಿದರು. ನಾನು ಒಬ್ಬನೇ 11 ಅಂತ ಕೂಗಿದೆ, ಪಕ್ಕದವರು ತಿರುಗಿ ನೋಡಿದರು.

22 ಕುಳ್ಳ, ಬಿದ್ದರೂ ಮುಂದಕ್ಕೇ ಬೀಳುತ್ತಾನೆ. ಪ್ರತಿ ಸಲ ಒಂದೂವರೆ ಗಜ ಪುಕ್ಕಟೆ. ಆದರೆ ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲಬೇಕಾದಾಗ ನೆಟ್ಟಗೆ ನಿಂತುಬಿಡುತ್ತಾನೆ. ಎದುರಾಳಿಯ ಮುಂದಿನ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಬಂದು ಅವನನ್ನು ಚಾಪೆಯ ಹಾಗೆ ಹಾಸಿದ, ಎರಡು ಸಲ.

ಒದೆಯುವವನು, 39. ಸಾಕರ್ ತಂಡದ ಹುಡುಗ. ಮೂರು ಅಂಕದ ಒಂದು ಒದೆತ ತಪ್ಪಿದ್ದಕ್ಕೆ ಜನ ಅವನನ್ನೇ ಆಡಿಕೊಂಡರು. ಚೆಂಡು ಹಿಂದೆ ಬಂದದ್ದೇ ನೆಲ ಸವರಿಕೊಂಡು. ಖಾಲಿ ಬಿಟ್ಟೆ.

ಇನ್ನು 72. ಎರಡು ಸರದಿ ಅವನನ್ನೇ ನೋಡಿದೆ, 17 ಸ್ನ್ಯಾಪ್. ಸೆಂಟರ್ ಚೆಂಡನ್ನು ಹಿಂದಕ್ಕೆ ದಾಟಿಸಿ ಆಟ ಶುರು ಮಾಡುವುದೇ ಸ್ನ್ಯಾಪ್. ಎದುರಿಗೆ 91, ಆ ರಾತ್ರಿ ಮೈದಾನದಲ್ಲಿದ್ದ ಅತ್ಯಂತ ಒಳ್ಳೆಯ ಆಟಗಾರ. ನಮ್ಮವರು ಯಾರೂ ಅಲ್ಲ, ಅವನೇ. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಅರ್ಧ ಪಂದ್ಯ ಬೇಕಾಯಿತು. ಹೊರಗಡೆಯಿಂದ ಬರುವ ಹಾಗೆ ಒಂದು ಹೆಜ್ಜೆ ಇಟ್ಟು, 72ರ ಭಾರ ಆ ಕಡೆ ವಾಲಿದ ಕೂಡಲೇ ಒಳಗಿನಿಂದ ನುಸುಳುತ್ತಿದ್ದ. ಎರಡು ಸಲ ಹೀಗೆ ನುಸುಳಿ 7ನ್ನು ಕೆಡವಿದ. ಮೂರನೇ ಸಲ 72 ಮೊದಲ ಹೆಜ್ಜೆಯನ್ನು ಅರ್ಧ ಅಡಿ ಒಳಕ್ಕೆ ಇಟ್ಟ. ಕೋಚ್ ಹೇಳಿಕೊಟ್ಟರೋ, ಅವನಿಗೇ ಹೊಳೆಯಿತೋ ನನಗೆ ಗೊತ್ತಿಲ್ಲ. 91 ಒಳಕ್ಕೆ ಬಂದ, ನೇರ 72ರ ಎದೆಗೆ ಬಿದ್ದ. ಅದೇ ಹೊತ್ತಿಗೆ ಆ ಕಡೆ 7 ಎಸೆದ ಚೆಂಡು ನೆಲಕ್ಕೆ ಬಿತ್ತು, ಜನ ಅಯ್ಯೋ ಅಂದರು. ನಾನು ಎದ್ದು ಚಪ್ಪಾಳೆ ತಟ್ಟುತ್ತಿದ್ದೆ.

ಇವರಲ್ಲಿ ಯಾರು ಮುಂದೆ ದೊಡ್ಡವರಾಗುತ್ತಾರೆ ಅಂತ ಅಪ್ಪಂದಿರು ಕೇಳುತ್ತಾರೆ. ನಾನು ಆ ತಂಟೆಗೆ ಹೋಗುವುದಿಲ್ಲ. ದೇಶದಲ್ಲಿ ಹತ್ತು ಲಕ್ಷದಷ್ಟು ಹೈಸ್ಕೂಲ್ ಹುಡುಗರು ಈ ಆಟ ಆಡುತ್ತಾರೆ. ಈ ಹುಡುಗರನ್ನು ಅಳೆದು, ದುಡ್ಡು ತೆಗೆದುಕೊಂಡು ಐದರವರೆಗೆ ನಕ್ಷತ್ರ ಕೊಡುವವರೇ ತಪ್ಪುತ್ತಾರೆ. ಪೂರ್ವ ಟೆಕ್ಸಸ್‌ನ ವೈಟ್‌ಹೌಸ್ ಹೈಸ್ಕೂಲಿನ ಪ್ಯಾಟ್ರಿಕ್ ಮಹೋಮ್ಸ್ 2013ರ ಸೀಸನ್‌ನಲ್ಲಿ 50 ಟಚ್‌ಡೌನ್ ಎಸೆದಿದ್ದ. ಆದರೂ ಅವನಿಗೆ ಸಿಕ್ಕಿದ್ದು ಐದರಲ್ಲಿ ಮೂರು ನಕ್ಷತ್ರ. ಅವನೇ 2017ರಲ್ಲಿ ವೃತ್ತಿಪರ ಲೀಗ್‌ಗೆ ಮೊದಲ ಸುತ್ತಿನಲ್ಲಿ ಹತ್ತನೆಯವನಾಗಿ ಆಯ್ಕೆಯಾದ, ಮುಂದೆ ಆ ಲೀಗ್‌ನ ದೊಡ್ಡ ತಾರೆಯೇ ಆದ. ಚೀಸ್ ಚೆಲ್ಲಿದವನು ನಾನು ಯಾವ ಲೆಕ್ಕ?

ಒಂದು ಮಾತು ಮರೆತೆ. ಯಾರಾದರೂ ಪೆಟ್ಟು ತಿಂದು ನಿಧಾನಕ್ಕೆ ಎದ್ದರೆ ಆ ಸರದಿಯ ಗುರುತುಗಳನ್ನೆಲ್ಲ ರಬ್ಬರ್ ಹಾಕಿ ಅಳಿಸುತ್ತೇನೆ. ಪೆನ್ಸಿಲ್ ಇಟ್ಟುಕೊಂಡಿರುವುದೇ ಅದಕ್ಕೆ.

ಸೀಸನ್ನಿನ ಕೊನೆಯ ಪಂದ್ಯದ ದಿನ 4ರ ಅಪ್ಪ ಮೇಲಿನ ಸಾಲಿಗೆ ಹತ್ತಿಕೊಂಡು ಬಂದು ಪಕ್ಕದಲ್ಲಿ ಕೂತರು. ಅಕ್ಷರ ನೋಡಿ ಇದು ಯಾವ ಭಾಷೆ ಅಂತ ಕೇಳಿದರು, ಹೇಳಿದೆ. ಮೂರು ಕಾಲಂಗಳ ಅರ್ಥವನ್ನೂ ಹೇಳಿದೆ. ಮೊದಲನೆಯದು ಯಾಕೆ ಖಾಲಿ ಎಂದರು. ಅದು ನನಗೆ ಗೊತ್ತಾಗುವುದಿಲ್ಲ, ಅದಕ್ಕೇ ಎಂದೆ. ಪೆನ್ಸಿಲ್ ಕೊಡಿ ಎಂದು ಕೈ ಚಾಚಿದರು.

ನಾನು 'ಮೈ', 'ಸೀ' ಹೇಳುತ್ತಾ ಹೋದೆ, ಅವರು 'ಜಾ' ತುಂಬುತ್ತಾ ಹೋದರು. ಹಾಫ್‌ಟೈಮ್ ಆಯಿತು. ಮಗ ಟ್ರಂಬೋನ್ ಹಿಡಿದು ಮೈದಾನಕ್ಕೆ ಬಂದ, ನಾನು ಬೈನಾಕ್ಯುಲರ್ ಅವನ ಕಡೆ ತಿರುಗಿಸಿದೆ. ಅವರು ಇನ್ನೂ ಪುಟ ನೋಡುತ್ತಿದ್ದರು. ಬ್ಯಾಂಡ್ ಮುಗಿದ ಮೇಲೆ ನೋಟ್‌ಬುಕ್ ವಾಪಸ್ ತೆಗೆದುಕೊಂಡು ನೋಡಿದೆ. 4ರ ಸಾಲಿನಲ್ಲಿ 'ಜಾ' ಕೆಳಗೆ ಎರಡು ಮೈನಸ್ ಇತ್ತು. ಎರಡೂ ಅವರೇ ಹಾಕಿದ್ದು. ಆ ಎರಡು ಸ್ನ್ಯಾಪ್‌ಗೂ ನಾನು ಪ್ಲಸ್ ಕೊಟ್ಟಿದ್ದೆ.